ಹೆಡ್‌ಲ್ಯಾಂಪ್ ಜೊತೆ ಎರಡು ವರ್ಷ: ಬೆಳಕು ಚೆನ್ನಾಗಿದೆ, ಬಟನ್ ಮಾತ್ರ ಜೀವ ತಿನ್ನುತ್ತೆ

ಲಾಂಗ್ ರೂಟ್ ಲಾರಿ ಓಡಿಸೋಕೆ ಹೊಸದಾಗಿ ಬರೋರು ಸೀಟ್ ಕುಶನ್ ಯಾವ್ದು ತಗೊಳ್ಲಿ, ಫೋನ್ ಸ್ಟ್ಯಾಂಡ್ ಯಾವ್ದು ಅಂತೆಲ್ಲ ಕೇಳ್ತಾರೆ, ತಲೆಗೆ ಕಟ್ಕೊಳ್ಳೋ ಲೈಟ್ ಬಗ್ಗೆ ಮಾತ್ರ ಯಾರೂ ಕೇಳಲ್ಲ. ನಾನೂ ಕೇಳಿರ್ಲಿಲ್ಲ. ಮೊದಲ ನಾಲ್ಕೈದು ತಿಂಗಳು ಮೊಬೈಲ್ ಟಾರ್ಚಲ್ಲೇ ಕಾಲ ಹಾಕಿದೆ, ಮಳೇಲಿ ಟ್ರೇಲರ್ ಬ್ರೇಕಿಗೆ ಗಾಳಿ ಕೊಡೋ ಏರ್ ಪೈಪ್ ಸಿಗ್ಸೋವಾಗ ಫೋನನ್ನ ಗದ್ದಕ್ಕೂ ಎದೆಗೂ ಮಧ್ಯೆ ಒತ್ಕೊಂಡು ಕೆಲಸ ಮಾಡ್ತಿದ್ದೆ, ಒಂದಿನ ಅದು ಜಾರಿ ಕೆಸರಿಗೆ ಬಿತ್ತು ನೋಡಿ, ಮಾರನೇ ದಿನಾನೇ ಹೆಡ್‌ಲ್ಯಾಂಪ್ ತಗೊಂಡೆ. ಬಜೆಟ್ ಕಮ್ಮಿ ಇತ್ತು, ಅದಕ್ಕೆ ಮಧ್ಯಮ ದರ್ಜೇದು. ಈಗ ಎರಡು ವರ್ಷ ಆಯ್ತು.

ಮೊದ್ಲು ಸಿಟ್ಟು ತೀರಿಸ್ಕೊಂಡುಬಿಡ್ತೀನಿ. ಇದಕ್ಕಿರೋದು ಒಂದೇ ಬಟನ್. ಒಂದ್ಸಲ ಒತ್ತಿದ್ರೆ ಫುಲ್ ಬಿಳಿ ಬೆಳಕು, ಮತ್ತೆ ಒತ್ತಿದ್ರೆ ಮೀಡಿಯಂ, ಆಮೇಲೆ ಲೋ, ಆಮೇಲೆ ಕಣ್ಣು ಕುಕ್ಕೋ ಹಾಗೆ ಪಟಪಟ ಮಿಣುಕೋದು, ಇಷ್ಟೆಲ್ಲ ದಾಟಿದ ಮೇಲೆ ಕೊನೇಲಿ ಕೆಂಪು. ರಾತ್ರಿ ನನಗೆ ಬೇಕಾಗಿರೋದೇ ಆ ಕೆಂಪು. ಕತ್ತಲಿಗೆ ಕಣ್ಣು ಪೂರ್ತಿ ಹೊಂದ್ಕೊಳ್ಳೋಕೆ 20-30 ನಿಮಿಷ ಬೇಕು, ಒಂದೇ ಕ್ಷಣದ ಬಿಳಿ ಬೆಳಕು ಅದನ್ನೆಲ್ಲ ಹಾಳು ಮಾಡುತ್ತೆ, ಮಂದ ಕೆಂಪು ಬೆಳಕಲ್ಲಿ ಆ ತೊಂದರೆ ತುಂಬಾ ಕಮ್ಮಿ. ನಾವು ಇಬ್ಬರು ಡ್ರೈವರ್ ಪಾಳಿ ಮೇಲೆ ಓಡಿಸ್ತೀವಿ. ಇನ್ನೊಬ್ಬರು ಸ್ಟೀರಿಂಗ್ ಹಿಡಿದಿರೋವಾಗ ನಾನು ಹಿಂದೆ ಬರ್ತ್‌ನಲ್ಲಿ ಕೂತು ಲೋಡ್ ಪೇಪರ್ ನೋಡ್ಬೇಕು ಅಂದ್ರೆ, ಲ್ಯಾಂಪ್ ಮೇಲೆ ಅಂಗೈ ಗಟ್ಟಿಯಾಗಿ ಮುಚ್ಚಿ, ಒಳಗೊಳಗೇ ಐದು ಸಲ ಒತ್ತಬೇಕು. ಎಷ್ಟು ಮುಚ್ಚಿದ್ರೂ ಬೆರಳ ಸಂದಿಯಿಂದ ಬೆಳಕು ಸೋರಿ ಮುಂದಿನ ಗ್ಲಾಸಲ್ಲಿ ಹೊಳೆಯುತ್ತೆ. ಓಡಿಸ್ತಿರೋ ಮನುಷ್ಯನ ಕಣ್ಣಿಗೆ ಅದು ಎಷ್ಟು ಅಪಾಯ ಅಂತ ಈ ಲೈಟ್ ಡಿಸೈನ್ ಮಾಡಿದವರು ಯೋಚನೆ ಮಾಡ್ಲೇ ಇಲ್ವಾ?

ಆದ್ರೆ ಬೆಳಗಿನ ರೌಂಡ್ ವಿಷಯಕ್ಕೆ ಬಂದ್ರೆ ಇದನ್ನ ಬೈಯೋಕೆ ಮನಸ್ಸು ಬರಲ್ಲ. ಇಂಜಿನ್ ಸ್ಟಾರ್ಟ್ ಮಾಡೋಕೆ ಮುಂಚೆ ಡ್ರೈವರ್ ಬಾಗಿಲಿಂದ ಶುರು ಮಾಡಿ ದಿನಾ ಒಂದೇ ದಿಕ್ಕಲ್ಲಿ ಸುತ್ತು ಬರ್ತೀನಿ, ದಿಕ್ಕು ಬದಲಾಯಿಸಿದ್ರೆ ಏನಾದ್ರೂ ಒಂದು ಬಿಟ್ಟೇ ಹೋಗುತ್ತೆ. ಎರಡೂ ಕೈ ಖಾಲಿ ಇರೋದ್ರಿಂದ ಪೈಪ್ ಹಿಡಿದು ಅಲ್ಲಾಡಿಸಬಹುದು, ಕಿವಿ ಕೊಟ್ಟು ಗಾಳಿ ಸೋರೋ ಸದ್ದು ಕೇಳಬಹುದು, ಜೋಡಿ ಟೈರ್ ಮಧ್ಯೆ ಕಲ್ಲು ಸಿಕ್ಕಿದ್ರೆ ಅಲ್ಲೇ ಕೀಳಬಹುದು. ವೀಲ್ ನಟ್ ಬುಡದಿಂದ ತುಕ್ಕಿನ ಗೆರೆ ಇಳಿದಿದ್ರೆ ಅಲ್ಲಿ ನಿಂತ್ಕೊಳ್ಳಿ, ನಟ್ ಸಡಿಲ ಆಗಿರಬಹುದು. ವೀಲ್ ಬಿಚ್ಚಿ ಹಾಕಿದ್ರಂತೂ 80ರಿಂದ 160 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಟಾರ್ಕ್, ಅಂದ್ರೆ ನಟ್ ಎಷ್ಟು ಬಿಗಿ ಇದೆ ಅಂತ, ಚೆಕ್ ಮಾಡಿಸ್ಲೇಬೇಕು. ಇನ್ನೊಂದು, ಟೈರ್ ನೋಡೋವಾಗ ಲ್ಯಾಂಪ್ ಹಣೆಯಿಂದ ತೆಗೆದು ಕೈಲಿ ಹಿಡ್ಕೊಂಡು ಅಡ್ಡಡ್ಡ ಬೆಳಕು ಬಿಡಿ. ಹಣೆ ಮೇಲಿದ್ರೆ ಬೆಳಕು ನೇರ ಬಿದ್ದು ನೆರಳೇ ಕಾಣಲ್ಲ, ಕೊಯ್ತ, ಮೊಳೆ ಎಲ್ಲ ಮುಚ್ಚಿಹೋಗುತ್ತೆ. ಓರೆಯಾಗಿ ಬಿಟ್ರೆ ಸಣ್ಣ ಸೀಳೂ ಕಪ್ಪಗೆ ಎದ್ದು ಕಾಣುತ್ತೆ. ಇದಕ್ಕೆ ಕೆಂಪು ಬೆಳಕು ಬಳಸ್ಬೇಡಿ, ತುಕ್ಕಿನ ಬಣ್ಣ, ಚಕ್ರದ ನಡುವಿನ ಹಬ್‌ನಿಂದ ಎಣ್ಣೆ ಸೋರಿಕೆ, ವೈರಿನ ಬಣ್ಣ ಯಾವ್ದೂ ಗೊತ್ತಾಗಲ್ಲ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಟ್ರೇಲರ್ ಜೋಡಿಸ್ದೆ. ಟ್ರೇಲರ್ ಬ್ರೇಕ್ ಹಾಕಿ ಮುಂದಕ್ಕೆ ಎಳೆದು ನೋಡಿದ್ರೆ ಹಿಡ್ಕೊಂಡಿದೆ ಅಂತಾನೇ ಅನಿಸ್ತು. ಸುಸ್ತಾಗಿತ್ತು, ಹೊರಟೇಬಿಡೋಣ ಅಂದ್ಕೊಂಡೆ, ಆದ್ರೂ ಲ್ಯಾಂಪ್ ತಲೇಲೇ ಇತ್ತಲ್ಲ, ಮಂಡಿಯೂರಿ ಒಳಗೆ ಬಗ್ಗಿ ನೋಡ್ದೆ. ಲಾರಿ ಹಿಂಭಾಗದಲ್ಲಿ ಟ್ರೇಲರ್ ಕೂರೋ ಫಿಫ್ತ್ ವೀಲ್ ಪ್ಲೇಟಿಗೂ ಟ್ರೇಲರ್ ತಳಕ್ಕೂ ಮಧ್ಯೆ ಒಂದು ಬೆರಳಷ್ಟು ಸಂದಿ, ಆಚೆ ಕಡೆ ಮಳೆ ಹನಿ ಮಿಂಚ್ತಾ ಇರೋದು ಅದರೊಳಗಿಂದ ಕಾಣ್ತಿತ್ತು. ಟ್ರೇಲರ್ ಎತ್ತರ ಆಗಿ ಅದರ ತಳದ ಕಿಂಗ್‌ಪಿನ್ (ಜೋಡಿಸೋ ಪಿನ್) ಲಾಕ್ ಒಳಗೆ ಸರಿಯಾಗಿ ಕೂತೇ ಇರ್ಲಿಲ್ಲ. ಗಾಡಿ ಬಿಡಿಸಿ, ಲ್ಯಾಂಡಿಂಗ್ ಲೆಗ್ (ಟ್ರೇಲರ್ ಮುಂದಿನ ಆಸರೆ ಕಾಲು) ತಿರುಗಿಸಿ ಟ್ರೇಲರ್ ಇಳಿಸಿ, ಮತ್ತೆ ರಿವರ್ಸ್ ಬಂದೆ, ಈ ಸಲ ಟಣ್ ಅಂತ ಸದ್ದು ಬಂತು, ಆದ್ರೂ ಮತ್ತೆ ಮಂಡಿಯೂರಿ ಲಾಕ್ ಪಿನ್ ಸುತ್ತ ಮುಚ್ಚಿದೆಯಾ ಅಂತ ಕಣ್ಣಾರೆ ನೋಡಿದ ಮೇಲೇ ಎದ್ದೆ. ಕೈ ನಡುಗ್ತಿತ್ತು. ಅಲ್ಲಿಂದ ಈಚೆಗೆ ಲ್ಯಾಂಪ್ ಮೇಲಿನ ಕೋಪ ಅರ್ಧ ಇಳಿದಿದೆ.

ಬ್ಯಾಟರಿ ವಿಷಯ: ಇದರಲ್ಲಿ ಬ್ಯಾಟರಿ ಒಳಗೇ ಸೀಲ್ ಆಗಿದೆ, ಬಿಸಿಲಲ್ಲಿ ನಿಂತ ಕ್ಯಾಬಿನ್ ಡ್ಯಾಶ್ ಮೇಲೆ ಇಡ್ತಿದ್ದದ್ದು ನನ್ನ ತಪ್ಪು, ಲಿಥಿಯಂ ಬ್ಯಾಟರಿಗೆ ಬಿಸಿ ಒಗ್ಗಲ್ಲ, ಒಂದೂವರೆ ವರ್ಷಕ್ಕೆ ಚಾರ್ಜ್ ಅರ್ಧಕ್ಕೆ ಬಂತು. ನೀವು ತಗೊಳ್ಳೋದಾದ್ರೆ ತೆಗೆದು ಹಾಕೋ 18650 ಸೆಲ್ (ಚಾರ್ಜ್ ಮಾಡೋ ಲಿಥಿಯಂ ಸೆಲ್) ಇರೋದು ನೋಡಿ. ಕಾರಿನ ಚಾರ್ಜರ್ ತಂದು 24 ವೋಲ್ಟ್ ಗಾಡಿಗೆ ಸಿಗಿಸ್ಬೇಡಿ, ಮೇಲೆ 12-24 ವೋಲ್ಟ್ ಅಂತ ಬರೆದಿರ್ಬೇಕು, ನನ್ನದೊಂದು ಹಾಗೇ ಸುಟ್ಟುಹೋಯ್ತು. ಡಬ್ಬಿ ಮೇಲಿನ ದೊಡ್ಡ ಲುಮೆನ್ (ಬೆಳಕಿನ ಅಳತೆ) ನಂಬರ್ ನೋಡಿ ಮರುಳಾಗ್ಬೇಡಿ, ಬಿಸಿ ಆದ ಕೂಡ್ಲೇ ಲೈಟ್ ತಾನೇ ಕಮ್ಮಿ ಆಗುತ್ತೆ, ಎಎನ್‌ಎಸ್‌ಐ ಅನ್ನೋ ಅಮೆರಿಕದ ಸ್ಟ್ಯಾಂಡರ್ಡ್ ಟೆಸ್ಟಲ್ಲಿ ಹೇಳೋ ರನ್‌ಟೈಮ್ ಕೂಡ ಬೆಳಕು ಶುರುವಿನ 10%ಗೆ ಇಳಿಯೋವರೆಗಿನ ಲೆಕ್ಕ. ಸುತ್ತಿ ನೋಡೋಕೆ ಮೀಡಿಯಂ ಬೆಳಕೇ ಧಾರಾಳ ಸಾಕು.

ಸ್ಟಾರ್ ಕೊಡೋದಾದ್ರೆ ಐದಕ್ಕೆ ಮೂರೂವರೆ. ಮುಂದಿನ ಸಲ ಕೆಂಪಿಗೆ ಬೇರೆ ಬಟನ್ ಇರೋದೇ ತಗೊಳ್ತೀನಿ, ಅಂಥದ್ದು ವರ್ಷಗಟ್ಟಲೆ ಬಳಸಿರೋರು ಇದ್ರೆ ದಯವಿಟ್ಟು ಹೇಳಿ. ಹಳೇದನ್ನ ಎಸೆಯಲ್ಲ, ಸ್ಟ್ರಾಪ್ ತೊಳೆದು ಬಾಗಿಲ ಪಾಕೆಟ್‌ನಲ್ಲಿ ಸ್ಪೇರ್ ಆಗಿ ಇಟ್ಕೊಳ್ತೀನಿ.