ಕೆಲಸಕ್ಕಿಂತ ಮುಂದೆ ಹಣ ಓಡದಿರಲಿ: ಕೆಂಗೇರಿಯಲ್ಲಿ ನಮಗಾದದ್ದು

ಬೆಂಗಳೂರಿನಲ್ಲಿ ಸ್ವಂತ ಸೈಟಿನಲ್ಲಿ ಮನೆ ಕಟ್ಟಿಸಲು ಹೊರಟವರು ಗುದ್ದಲಿ ಪೂಜೆಗೆ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ನಮ್ಮ ಮನೆಯನ್ನು ಅರ್ಧಕ್ಕೆ ಬಿಟ್ಟುಹೋದ ಗುತ್ತಿಗೆದಾರರೊಂದಿಗೆ ಪ್ರಕರಣ ಇನ್ನೂ ನಡೆಯುತ್ತಿರುವುದರಿಂದ ಅವರ ಹೆಸರು ಹೇಳುವುದಿಲ್ಲ.

ಕೆಂಗೇರಿಯಲ್ಲಿ ನಮ್ಮದು ಮೂವತ್ತು ನಲವತ್ತರ ಸೈಟು. ಕೆಳಗೊಂದು ಮನೆ, ಮೇಲೊಂದು ಮನೆ, ಒಟ್ಟು 18 ಚದರ (ಒಂದು ಚದರವೆಂದರೆ ನೂರು ಚದರಡಿ). ಸಾಮಗ್ರಿಯೂ ಸೇರಿ ಚದರಕ್ಕೆ 2 ಲಕ್ಷದಂತೆ 36 ಲಕ್ಷಕ್ಕೆ 2022ರಲ್ಲಿ ಮಾತಾಯಿತು. ಗುತ್ತಿಗೆದಾರರು ನಮ್ಮ ಯಜಮಾನರ ಸ್ನೇಹಿತರೊಬ್ಬರಿಗೆ ಪರಿಚಯದವರು. ಮಾತು ಬಹಳ ಮೃದು. ನನ್ನನ್ನು ‘ಅಕ್ಕ’ ಎಂದೇ ಕರೆಯುತ್ತಿದ್ದರು. ಒಪ್ಪಂದವೆಂದು ನಾವು ಬರೆಸಿಕೊಂಡದ್ದು ಛಾಪಾ ಕಾಗದದ ಎರಡು ಹಾಳೆ. ಅದರಲ್ಲಿ ಒಟ್ಟು ಮೊತ್ತವಿತ್ತು, ಸಿಮೆಂಟು ಮತ್ತು ಕಬ್ಬಿಣದ ಕಂಪನಿಗಳ ಹೆಸರಿತ್ತು. ಯಾವ ಹಂತ ಮುಗಿದ ಮೇಲೆ ಎಷ್ಟು ಹಣ ಎಂಬುದು ಮಾತ್ರ ಇರಲಿಲ್ಲ. ‘ಕೇಳಿದಾಗ ಕೇಳಿದಷ್ಟು ಕೊಡಿ ಅಕ್ಕ, ಕೆಲಸ ನಿಲ್ಲದಂತೆ ನಾನು ನೋಡಿಕೊಳ್ಳುತ್ತೇನೆ’ ಎಂದರು.

ಕಬ್ಬಿಣದ ಬೆಲೆ ಏರುತ್ತಿದೆ, ಈಗಲೇ ಲೋಡು ತರಿಸಬೇಕು ಎಂದಾಗ ಕೊಟ್ಟೆವು. ಆಳುಗಳು ಹಬ್ಬಕ್ಕೆ ಊರಿಗೆ ಹೋಗುತ್ತಾರೆ, ಬಟವಾಡೆ ಮಾಡದಿದ್ದರೆ ತಿರುಗಿ ಬರುವುದಿಲ್ಲ ಎಂದಾಗಲೂ ಕೊಟ್ಟೆವು. ಮೇಲಿನ ಮೋಲ್ಡ್, ಅಂದರೆ ಕಾಂಕ್ರೀಟಿನ ಚಾವಣಿ ಹಾಕಿ, ಕೆಳಗಿನ ಮನೆಗೆ ಪ್ಲಾಸ್ಟರಿಂಗ್ ಆಗುವ ಹೊತ್ತಿಗೆ ನಮ್ಮ ಕೈಯಿಂದ 31 ಲಕ್ಷ ಹೋಗಿತ್ತು. ಬಾಗಿಲು, ಕಿಟಕಿ, ನೆಲಹಾಸು, ವೈರಿಂಗ್, ಬಣ್ಣ ಎಲ್ಲವೂ ಬಾಕಿ. ಉಳಿದ 5 ಲಕ್ಷಕ್ಕೆ ಅಷ್ಟನ್ನೂ ಯಾರು ಮುಗಿಸಿಕೊಡುತ್ತಾರೆ? ಅವರು ನಡುವೆ ಬಿಟ್ಟುಹೋಗುವುದು ಆ ಲೆಕ್ಕದಲ್ಲಿಯೇ ಬರೆದಿತ್ತು, ನಾವು ಓದಲಿಲ್ಲ.

ಮೇಲಿನ ಮೋಲ್ಡಿನ ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊರುವ ಹಲಗೆಗಳು) ಬಿಚ್ಚಿದ ದಿನ ಒಳಗೆ ಹೋಗಿ ತಲೆಯೆತ್ತಿ ನೋಡಿದೆ. ಬಡಕಲು ಹಸುವಿನ ಪಕ್ಕೆಲುಬುಗಳಂತೆ ಕಂಬಿಗಳು ಸಾಲಾಗಿ ಕಾಣುತ್ತಿದ್ದವು. ಒಂದೇ ಮೂಲೆಯಲ್ಲಿ ಹನ್ನೊಂದು ಎಣಿಸಿದೆ. ಕಂಬಿಗಳನ್ನು ಹಲಗೆಯಿಂದ ಎತ್ತಿ ಹಿಡಿಯುವ ಸಣ್ಣ ತುಂಡುಗಳಾದ ಕವರ್ ಬ್ಲಾಕ್ ಅಡಿಗೆ ಕೊಡದೆ, ಸೆಂಟ್ರಿಂಗ್ ಹಲಗೆಯ ಮೇಲೆಯೇ ಮಲಗಿಸಿ ಕಾಂಕ್ರೀಟ್ ಸುರಿದರೆ ಹೀಗಾಗುತ್ತದೆ ಎಂದು ಆಗ ನನಗೆ ತಿಳಿದಿರಲಿಲ್ಲ. ಮನೆಯ ಸ್ಲ್ಯಾಬಿನಲ್ಲಿ ಕಂಬಿಯ ಕೆಳಗೆ ಸಾಮಾನ್ಯವಾಗಿ 20 ಮಿಲಿಮೀಟರಿನಷ್ಟು ಕಾಂಕ್ರೀಟ್ ಹೊದಿಕೆ ಇರಬೇಕು. ಇಲ್ಲದಿದ್ದರೆ ಗಾಳಿ, ತೇವ ತಾಗಿ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟು ಹೆಕ್ಕಳಿಕೆಯಾಗಿ ಬೀಳುತ್ತದೆ. ಗುತ್ತಿಗೆದಾರರನ್ನು ಕೇಳಿದೆ. ‘ಪ್ಲಾಸ್ಟರ್ ಬಂದರೆ ಎಲ್ಲ ಮುಚ್ಚಿಹೋಗುತ್ತದೆ ಅಕ್ಕ’ ಎಂದರು. ಆ ಮಾತು ಕೇಳಿಯೂ ಮುಂದಿನ ಕಂತು ಕೊಟ್ಟೆನಲ್ಲ, ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ತಾರಸಿಯ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದು ಮೂರೇ ದಿನ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ ಕ್ಯೂರಿಂಗ್, ಅಂದರೆ ಕಾಂಕ್ರೀಟು ಗಟ್ಟಿಯಾಗಲು ಅದನ್ನು ಒದ್ದೆಯಾಗಿಡುವುದು, ಆಗಬೇಕು. ಕೆಳಗಿನ ಮನೆಯ ಗೋಡೆಯನ್ನು ಬೀಗದ ಕೈಯಿಂದ ಗೀರಿದರೆ ಪ್ಲಾಸ್ಟರು ಪುಡಿಪುಡಿಯಾಗಿ ಉದುರಿ ಅಂಗೈ ತುಂಬುತ್ತಿತ್ತು. ಮೊದಲ ಮಳೆಗೆ ಮೇಲಿನ ಬಚ್ಚಲಿನ ತಗ್ಗಿನಲ್ಲಿ ನಿಂತ ನೀರು ಕೆಳಗಿನ ಅಡುಗೆಮನೆಗೆ ತೊಟ್ಟಿಕ್ಕಿತು.

2023ರಲ್ಲಿ ಅವರು ಬರುವುದನ್ನೇ ನಿಲ್ಲಿಸಿದರು. ಲೆಕ್ಕ ಕೇಳಿದ್ದಕ್ಕೆ ಬಂದದ್ದು ವಕೀಲರ ನೋಟಿಸು: ಒಪ್ಪಂದಕ್ಕೆ ಹೊರತಾದ ಹೆಚ್ಚುವರಿ ಕೆಲಸಕ್ಕೆ ನಾವೇ ನಾಲ್ಕೂವರೆ ಲಕ್ಷ ಕೊಡಬೇಕಂತೆ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ. ಕೆಲಸ ಶುರುವಾಗುವಾಗ ಗುತ್ತಿಗೆದಾರರು, ಸಿಮೆಂಟಿನ ಅಂಗಡಿಯಲ್ಲಿ ಸಾಲಕ್ಕೆ ಭದ್ರತೆ ಬೇಕೆಂದು ಯಜಮಾನರಿಂದ ಸಹಿ ಮಾಡಿದ ಒಂದು ಖಾಲಿ ಚೆಕ್ ಪಡೆದಿದ್ದರು. ಅದರಲ್ಲಿ ನಾಲ್ಕೂವರೆ ಲಕ್ಷ ಬರೆದು ಬ್ಯಾಂಕಿಗೆ ಹಾಕಿದರು. ಪಾವತಿ ತಡೆಯುವಂತೆ ನಾವು ಬ್ಯಾಂಕಿಗೆ ಬರೆದುಕೊಟ್ಟಿದ್ದೆವು, ಅದರಿಂದ ಪಾರಾದೆವು ಎಂದುಕೊಂಡಿದ್ದೆವು. ಹಾಗೆ ತಡೆದ ಚೆಕ್ಕಿಗೂ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ, ಅಂದರೆ ಹಣ ಪಾವತಿಯಾಗದೆ ಚೆಕ್ ಮರಳುವುದನ್ನು ಅಪರಾಧವೆನ್ನುವ ಕಲಂ, ಅನ್ವಯಿಸುತ್ತದೆ. ಸಹಿ ಮಾಡಿ ತಾನಾಗಿ ಕೊಟ್ಟ ಚೆಕ್ಕಿನಲ್ಲಿ ಮೊತ್ತವನ್ನು ಬೇರೆಯವರು ತುಂಬಿದ್ದರೂ, ಅದು ಸಾಲ ತೀರಿಸಲು ಕೊಟ್ಟದ್ದಲ್ಲ ಎಂದು ತೋರಿಸುವ ಹೊಣೆ ಸಹಿ ಹಾಕಿದವರದ್ದೇ ಎಂದು ಸುಪ್ರೀಂ ಕೋರ್ಟ್ 2019ರಲ್ಲಿಯೇ ಹೇಳಿದೆ. ಚೆಕ್ ಮರಳಿದ ಮೇಲೆ ಹಣ ಕೇಳಿ ಕಳುಹಿಸುವ ನೋಟಿಸು ಕೈಸೇರಿದ 15 ದಿನದೊಳಗೆ ಹಣ ಕೊಡದಿದ್ದರೆ ಅವರು ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಬಹುದು. ಹೋದರು. ಮೂವತ್ತು ವರ್ಷ ಒಂದೇ ಕಡೆ ನೌಕರಿ ಮಾಡಿ, ಯಾರಿಗೂ ಒಂದು ರೂಪಾಯಿ ಬಾಕಿ ಉಳಿಸದ ನಮ್ಮ ಯಜಮಾನರು ಆರೋಪಿಯಾಗಿ ನಿಂತು ಜಾಮೀನು ಪಡೆದರು. ಆ ದಿನ ಮನೆಗೆ ಬಂದು ಅವರು ಊಟ ಮಾಡಲಿಲ್ಲ.

ನಾವು ದೂರು ಕೊಡಲು ಮೊದಲು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಎಂದು ಓಡಾಡಿದೆವು. ರೇರಾ ಇರುವುದು ಫ್ಲಾಟು, ಬಡಾವಣೆ ಮಾಡಿ ಮಾರುವವರ ಮೇಲೆ. ನಮ್ಮ ಸೈಟಿನಲ್ಲಿ ನಮಗೆ ಮನೆ ಕಟ್ಟಿಕೊಡುವ ಗುತ್ತಿಗೆದಾರರ ಮೇಲಲ್ಲ. ಇದು ತಿಳಿಯಲು ನಮಗೆ ನಾಲ್ಕು ತಿಂಗಳು ಬೇಕಾಯಿತು. ನಿಮಗೆ ಅಷ್ಟು ಸಮಯ ಹಾಳಾಗದಿರಲಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ‘ಸೇವೆ’ ಎಂಬುದರಲ್ಲಿ ಮನೆ ನಿರ್ಮಾಣವೂ ಸೇರಿದೆ. ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ದೂರು ಕೊಡಬೇಕಾದದ್ದು ಜಿಲ್ಲಾ ಗ್ರಾಹಕ ಆಯೋಗಕ್ಕೆ. 20 ಲಕ್ಷದಿಂದ 50 ಲಕ್ಷದವರೆಗಿನ ದೂರಿಗೆ ಶುಲ್ಕ 1,000 ರೂಪಾಯಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಗುತ್ತಿಗೆದಾರರು ‘ನಾಳೆ ಬರುತ್ತೇನೆ’ ಎನ್ನುತ್ತಿದ್ದ ದಿನಗಳನ್ನು ಆ ಎರಡು ವರ್ಷದಿಂದ ಯಾರೂ ಕಳೆದುಕೊಡುವುದಿಲ್ಲ.

ಆಯೋಗದಲ್ಲಿ ನಮ್ಮನ್ನು ಉಳಿಸಿದ್ದು ಒಂದು ವರದಿ, ಕೆಡಿಸಿದ್ದು ನಮ್ಮದೇ ಆತುರ. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರ್ ಒಬ್ಬರು ಬಂದು ಅಳತೆ ತೆಗೆದು, ಸ್ಲ್ಯಾಬಿನಿಂದ ಕಾಂಕ್ರೀಟಿನ ತುಂಡು ಕೊರೆದು ಪ್ರಯೋಗಾಲಯಕ್ಕೆ ಕಳುಹಿಸಿ, ಆಗಿರುವ ಕೆಲಸದ ಬೆಲೆ 22 ಲಕ್ಷವೆಂದು ಬರೆದುಕೊಟ್ಟರು. ಆದರೆ ಅವರು ಬರುವ ಮೊದಲೇ, ಮಳೆಗಾಲ ಬಂತೆಂದು ಹೆದರಿ, ಬೇರೆ ಮೇಸ್ತ್ರಿಯಿಂದ ಬಚ್ಚಲನ್ನು ಒಡೆಸಿ 1.8 ಲಕ್ಷ ಕೊಟ್ಟು ವಾಟರ್‌ಪ್ರೂಫಿಂಗ್ ಮಾಡಿಸಿಬಿಟ್ಟಿದ್ದೆವು. ‘ಸೋರುತ್ತಿತ್ತು ಎಂಬುದಕ್ಕೆ ಏನು ಸಾಕ್ಷಿ?’ ಎಂದು ಎದುರು ವಕೀಲರು ಕೇಳಿದಾಗ ನಮ್ಮ ಬಳಿ ಇದ್ದದ್ದು ಮಬ್ಬಾದ ಎರಡು ಫೋಟೊ. ವಾಟ್ಸ್‌ಆ್ಯಪ್‌ನಲ್ಲಿ ಗುತ್ತಿಗೆದಾರರೇ ಒಪ್ಪಿಕೊಂಡಿದ್ದ ಸಂದೇಶಗಳಿದ್ದ ಮೊಬೈಲನ್ನು ಯಜಮಾನರು ಹಳೆಯದಾಯಿತೆಂದು ಕೊಟ್ಟು ಹೊಸದು ತಂದಿದ್ದರು.

ಸ್ಲ್ಯಾಬು, ಪ್ಲಾಸ್ಟರು ಮತ್ತು ಹೆಚ್ಚು ಪಡೆದ ಹಣದ ಬಗ್ಗೆ 2025ರಲ್ಲಿ ಆದೇಶ ನಮ್ಮ ಪರವಾಗಿ ಬಂತು. ಬಚ್ಚಲಿನ 1.8 ಲಕ್ಷ ಸಿಗಲಿಲ್ಲ. ಗುತ್ತಿಗೆದಾರರು ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಿದ್ದಾರೆ. ಅದಕ್ಕೆ ಆದೇಶದ ಅರ್ಧ ಮೊತ್ತವನ್ನು ಮೊದಲೇ ಠೇವಣಿ ಇಡಬೇಕೆಂಬ ನಿಯಮವಿರುವುದು ನಮಗಿರುವ ಒಂದು ಧೈರ್ಯ. ಚೆಕ್ಕಿನ ಪ್ರಕರಣ ಇನ್ನೂ ಪಾಟೀಸವಾಲಿನ ಹಂತದಲ್ಲಿದೆ. ಗೃಹಪ್ರವೇಶ ಆಗಿಲ್ಲ, ಬಾಡಿಗೆ ಮನೆಯಲ್ಲಿಯೇ ಇದ್ದೇವೆ.

ಉಳಿದ ಕೆಲಸಕ್ಕೆ ಹೊಸಬರನ್ನು ಹಿಡಿದಿದ್ದೇವೆ. ಈ ಬಾರಿ ಒಪ್ಪಂದ ಒಂಬತ್ತು ಪುಟ. ಹಂತ ಮುಗಿದು ನಮ್ಮ ಎಂಜಿನಿಯರ್ ಸಹಿ ಹಾಕಿದ ಮೇಲೆಯೇ ಕಂತು. ಹೆಚ್ಚುವರಿ ಕೆಲಸಕ್ಕೆ ಮೊದಲೇ ಬರಹದಲ್ಲಿ ದರ. ನೂರಕ್ಕೆ ಹತ್ತು ರೂಪಾಯಿ ಒಂದು ಮಳೆಗಾಲ ಕಳೆಯುವವರೆಗೆ ನಮ್ಮಲ್ಲೇ ಉಳಿಯುತ್ತದೆ. ಅದರ ನಕಲು ಬೇಕಾದವರು ಕೇಳಿ, ಕಳುಹಿಸುತ್ತೇನೆ.