ಗುಲ್ಮರ್ಗ್‌ನ ಬಾಡಿಗೆ ಸ್ನೋಬೋರ್ಡ್ ಅಂಗಡಿ: ಬೋರ್ಡ್ ಪಾಸು, ಪ್ಯಾಂಟ್ ನಾಪಾಸು

ನಾನು ಬಳ್ಳಾರಿ ಕೌಲ್‌ಬಜಾರಿನಲ್ಲಿ ಜೀನ್ಸ್ ಹೊಲಿಸೋನು. ಯಾರ ಅಂಗಡಿಗೆ ಹೋದರೂ ಪ್ಯಾಂಟನ್ನ ಮೊದಲು ಒಳಮೈ ತಿರುಗಿಸಿ ಹೊಲಿಗೆ ನೋಡೋ ಚಟ. ಕಾಶ್ಮೀರದ ಗುಲ್ಮರ್ಗ್ ಮಾರ್ಕೆಟ್ಟಿನಲ್ಲಿ ಸ್ನೋಬೋರ್ಡ್ (ಎರಡೂ ಕಾಲು ಕಟ್ಟಿಕೊಂಡು ಹಿಮದ ಮೇಲೆ ಜಾರೋ ಒಂದೇ ಹಲಗೆ) ಬಾಡಿಗೆ ಕೊಡೋ ಅಂಗಡಿಯಲ್ಲೂ ಅದನ್ನೇ ಮಾಡಿದೆ. ಹಂಗಾಗಿ ಇಲ್ಲಿ ಬೋರ್ಡಿಗಿಂತ ಬಟ್ಟೆ ಮಾತೇ ಜಾಸ್ತಿ. ಮೊದಲ ಸಲ ಹೋಗೋರಿಗೆ ಬೇಕಾಗಿರೋದೂ ಅದೇ. ಅಂಗಡಿ ಹೆಸರು ಹಾಕಲ್ಲ. ನಾವು ಹತ್ತಿ ಇಳಿದ ಅಂಗಡಿಗಳಲ್ಲೆಲ್ಲ ಮಾಲು ಹೆಚ್ಚುಕಮ್ಮಿ ಒಂದೇ ಥರ ಇತ್ತು.

ಹುಚ್ಚು ಹತ್ತಿದ್ದು ತಂಗಿ ಮಗನಿಗೆ. "ಮಾಮ, ಸ್ಕೀ ಎಲ್ಲಾರೂ ಮಾಡ್ತಾರೆ, ನಾವು ಬೋರ್ಡ್ ಹತ್ತೋಣ" ಅಂದ. ನಮ್ಮ ಕಟಿಂಗ್ ಮಾಸ್ಟರ್ ಕೂಡ ಹೊರಟ. ನನಗೆ ಹಿಂದಿ ತಡವರಿಸ್ತದೆ, ಅವನ ದಖನಿ ಉರ್ದು ಕಾಶ್ಮೀರದಲ್ಲಿ ನಮ್ಮನ್ನ ಕಾಪಾಡ್ತು.

ಮೊದಲು ಪ್ಯಾಕೇಜ್ ವಿಚಾರ. ನಮ್ಮೂರಿನ ಒಂದು ಟ್ರಾವೆಲ್ಸ್‌ನವರು ಕೊಟ್ಟ ಕಾಗದದಲ್ಲಿ "ಗುಲ್ಮರ್ಗ್, ಸ್ನೋ ಆಕ್ಟಿವಿಟಿ ಸೇರಿ" ಅಂತ ಇತ್ತು. ಬಿಡಿಸಿ ಕೇಳಿದರೆ ಗಂಬೂಟು, ಉದ್ದನೆ ಕೋಟು, ಮರದ ಹಲಗೆ ಮೇಲೆ ಕೂಡಿಸಿ ಎಳೆಯೋದು, ಸಂಜೆಗೆ ವಾಪಸ್ ಶ್ರೀನಗರ. ಬೋರ್ಡ್ ಕಲಿಯೋರಿಗೆ ಇದು ಯಾವ ಲೆಕ್ಕಕ್ಕೂ ಬರಲ್ಲ. ಶ್ರೀನಗರದಿಂದ ಗುಲ್ಮರ್ಗ್ ಸುಮಾರು 50 ಕಿಲೋಮೀಟರ್, ಅಷ್ಟೇನಲ್ಲ ಅನಿಸ್ತದೆ. ಆದರೆ ತಂಗ್‌ಮರ್ಗ್ ದಾಟಿದ ಮೇಲಿನ ಕೊನೆಯ 13 ಕಿಲೋಮೀಟರ್ ಘಾಟಿನಲ್ಲಿ ಹಿಮ ಬಿದ್ದರೆ ಚಕ್ರಕ್ಕೆ ಚೈನು ಕಟ್ಟಿದ ಗಾಡಿ ಮಾತ್ರ ಹತ್ತೋದು. ಬೆಳಗ್ಗೆ ಅಲ್ಲೇ ಸಾಲು ನಿಂತರೆ ಅರ್ಧ ದಿನ ಹೋಯ್ತು. ರೂಮು ಗುಲ್ಮರ್ಗ್‌ನಲ್ಲೇ ಹಿಡೀರಿ, ಜೇಬಿಗೆ ಭಾರ ಅನಿಸಿದರೆ ತಂಗ್‌ಮರ್ಗ್‌ನಲ್ಲಿ. ನಾವು ಪ್ಯಾಕೇಜ್ ಬಿಟ್ಟು ಎಲ್ಲ ಬಿಡಿಬಿಡಿಯಾಗಿ ಬುಕ್ ಮಾಡಿದ್ವಿ. ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ಗೆ ಬೆಂಗಳೂರು, ಅಲ್ಲಿಂದ ದೆಹಲಿ ಮೇಲೆ ಶ್ರೀನಗರಕ್ಕೆ ವಿಮಾನ. ವಿಮಾನದ ಖರ್ಚು ಬೇಡ ಅನ್ನೋರಿಗೆ ಗುಂತಕಲ್ಲಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ದೆಹಲಿ ತನಕ ಒಂದೇ ಗಾಡಿ.

ತಿಂಗಳು ಯಾವುದು ಅಂತ ಎಲ್ಲರೂ ಕೇಳ್ತಾರೆ. ಡಿಸೆಂಬರ್ 21ರಿಂದ 40 ದಿನದ ಕಡು ಚಳಿಗೆ ಅಲ್ಲಿ ಚಿಲ್ಲಾಯ್ ಕಲಾನ್ ಅಂತಾರೆ. ಹಿಮ ಆವಾಗಲೇ ಗ್ಯಾರಂಟಿ ಅಂದ್ಕೊಂಡರೆ ಕೆಟ್ಟಿರಿ. 2024ರ ಜನವರಿಯಲ್ಲಿ ಗುಲ್ಮರ್ಗ್‌ನಲ್ಲಿ ಹಿಮ ಇರೋ ಜಾಗದಲ್ಲಿ ಒಣ ಹುಲ್ಲು ಕಾಣ್ತಿತ್ತು. 2025ರಲ್ಲಿ ಫೆಬ್ರವರಿಗೆ ಗೊತ್ತಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಹಿಮ ಸಾಲದೆ ಮಾರ್ಚ್‌ಗೆ ಹಾಕಿದ್ರು. ಅಲ್ಲಿಗೆ ಹಿಮ ತರೋದು ಮೆಡಿಟರೇನಿಯನ್ ಕಡೆಯಿಂದ ಏಳೋ ಪಶ್ಚಿಮದ ಮೋಡ, ನಮ್ಮ ತುಂಗಭದ್ರಾ ಡ್ಯಾಂ ತುಂಬಿಸೋ ಮುಂಗಾರಲ್ಲ. ಅದು ಒಂದೆರಡು ವಾರ ಕೈಕೊಟ್ಟರೂ ಸೀಸನ್ ಹಾಳು. ನಾವು ಫೆಬ್ರವರಿ ಕೊನೆ ಹಿಡಿದ್ವಿ, ವಿಮಾನದ ಟಿಕೆಟ್ ತಾರೀಖು ಬದಲಾಯಿಸಬಹುದಾದದ್ದೇ ತಗೊಂಡ್ವಿ. ಆ ಹೆಚ್ಚಿನ ದುಡ್ಡಿಗೆ ನನಗೆ ಬೇಜಾರಿಲ್ಲ.

ಈಗ ಅಂಗಡಿ. ಬೋರ್ಡು, ಬೂಟು, ಬೂಟನ್ನ ಬೋರ್ಡಿಗೆ ಬಿಗಿಯೋ ಬೈಂಡಿಂಗ್ ಮೂರೂ ಸೇರಿ ದಿನದ ಲೆಕ್ಕ. ಸಾವಿರದ ಮೇಲೆ ಹೇಳಿ ಆಮೇಲೆ ಚೌಕಾಸಿಗೆ ಇಳೀತಾರೆ, ಜಾಸ್ತಿ ದಿನಕ್ಕೆ ಕೇಳಿದರೆ ಇನ್ನೂ ಇಳೀತಾರೆ. ಬೋರ್ಡುಗಳ ಬಗ್ಗೆ ತಕರಾರಿಲ್ಲ. ಹಳೆಯವು, ಆದರೆ ಬದಿಯ ಕಬ್ಬಿಣದ ಅಂಚಿಗೆ ತುಕ್ಕು ಇರಲಿಲ್ಲ. ತಳ ಒಣಗಿ ಬೆಳ್ಳಗೆ ಕಂಡರೆ ವ್ಯಾಕ್ಸ್ (ಸಲೀಸಾಗಿ ಜಾರಲಿ ಅಂತ ಹಚ್ಚೋ ಮೇಣ) ಹಾಕಿಲ್ಲ ಅಂತ ಅರ್ಥ. ನಾನು ತೋರಿಸಿದ ಒಂದನ್ನ ಹುಡುಗ ತಕರಾರಿಲ್ಲದೆ ಇಸ್ತ್ರಿಪೆಟ್ಟಿಗೆ ಇಟ್ಟು ವ್ಯಾಕ್ಸ್ ಮಾಡಿಕೊಟ್ಟ. ನಿಲ್ಲಿಸಿದರೆ ಗದ್ದಕ್ಕೂ ಮೂಗಿಗೂ ನಡುವೆ ಬರೋ ಉದ್ದ ಸಾಕು. ಕಲಿಯೋರಿಗೆ ಗದ್ದದ ಕಡೆಯದೇ ವಾಸಿ. ಪಾದ ದೊಡ್ಡದಿದ್ದರೆ ಅಗಲದ ಬೋರ್ಡೇ ಕೇಳಿ, ಇಲ್ಲಾಂದ್ರೆ ತಿರುಗೋವಾಗ ಬೂಟಿನ ತುದಿ ಹಿಮಕ್ಕೆ ತಾಗಿ ಬೀಳಿಸ್ತದೆ. ಬೈಂಡಿಂಗ್ ಸ್ಕ್ರೂ ಒಂದು ಸಲ ನಿಮ್ಮೆದುರಿಗೇ ಬಿಗಿ ಮಾಡಿಸಿ.

ಬೂಟು ಪರವಾಗಿಲ್ಲ. ಮೊಣಕಾಲು ಬಗ್ಗಿಸಿ ಮುಂದಕ್ಕೆ ವಾಲಿದಾಗ ಹಿಮ್ಮಡಿ ಮೇಲೇಳಬಾರದು, ಅಷ್ಟೇ ಪರೀಕ್ಷೆ. ಸಡಿಲ ಅಂತ ಎರಡು ಜೊತೆ ಸಾಕ್ಸ್ ಹಾಕಬೇಡಿ, ಮಡಿಕೆ ಬಿದ್ದು ಕಾಲು ಸುಲೀತದೆ. ಉಣ್ಣೆದೋ ಸಿಂಥೆಟಿಕ್‌ದೋ ಒಂದೇ ಜೊತೆ, ಮೊಣಕಾಲು ಹತ್ತಿರಕ್ಕೆ ಬರುವಷ್ಟು ಉದ್ದದ್ದು. ಒಳಗೆ ಕೈ ಹಾಕಿ ನೋಡಿ: ಹಿಂದಿನ ದಿನದವರ ಬೆವರು ಆರಿರದಿದ್ದರೆ ಬೇರೆ ಕೇಳಿ. ನಮಗೆ ಎರಡು ಜೊತೆ ಬದಲಿಸಿ ಕೊಟ್ಟರು, ಮುಖ ಸಿಂಡರಿಸಲಿಲ್ಲ.

ಪ್ಯಾಂಟಿಗೆ ಬರೋಣ. ಬಾಡಿಗೆಗೆ ಕೊಟ್ಟ ಸ್ನೋ ಪ್ಯಾಂಟು ಹೊರಗಿನಿಂದ ಚೆಂದ, ನೀಲಿ, ಮೊಣಕಾಲಿಗೆ ಪಟ್ಟಿ, ದೊಡ್ಡ ಜಿಪ್ಪು. ತಿರುಗಿಸಿದರೆ ಹೊಲಿಗೆ ಮೇಲೆ ಟೇಪೇ ಇಲ್ಲ. ಬಟ್ಟೆ ಎಷ್ಟೇ ವಾಟರ್‌ಪ್ರೂಫ್ ಇರಲಿ, ಸೂಜಿ ಹೋದ ಕಡೆಯೆಲ್ಲ ತೂತು. ಆ ತೂತಿನ ಸಾಲನ್ನ ಒಳಗಿನಿಂದ ಬಿಸಿ ಮಾಡಿ ಟೇಪು ಅಂಟಿಸಿ ಮುಚ್ಚಬೇಕು. ನಮ್ಮ ಜೀನ್ಸಿಗೆ ಡಬಲ್ ಹೊಲಿಗೆ ಹಾಕಿದರೆ ಗಟ್ಟಿ. ಇಲ್ಲಿ ಡಬಲ್ ಹೊಲಿಗೆ ಅಂದರೆ ಡಬಲ್ ತೂತು. ಸ್ಕೀ ಮಾಡೋನು ಅಷ್ಟಾಗಿ ಕೂರಲ್ಲ. ಸ್ನೋಬೋರ್ಡ್ ಕಲಿಯೋನು ಬೈಂಡಿಂಗ್ ಕಟ್ಟೋಕೆ ಕೂರ್ತಾನೆ, ಬಿದ್ದು ಕೂರ್ತಾನೆ, ದಣಿದು ಕೂರ್ತಾನೆ. ಅದಕ್ಕೆ ಮುಂದಿನ ಭಾಗ ಬಿಟ್ಟು ಮೊದಲು ಸೀಟಿನ ಹೊಲಿಗೆ ನೋಡಬೇಕು.

ಇನ್ನೊಂದು ನಮ್ಮ ವಾಷಿಂಗ್ ಯೂನಿಟ್ಟಿನ ಬುದ್ಧಿ. ಇಂಥ ಬಟ್ಟೆಯ ಮೇಲ್ಮೈಗೆ ನೀರು ಹನಿಹನಿಯಾಗಿ ಜಾರಿಹೋಗೋ ಲೇಪ ಇರ್ತದೆ. ಮಾಮೂಲಿ ಸೋಪಿನಪುಡಿ ಅಂಶ ಉಳಿದರೆ, ಸಾಫ್ಟ್ನರ್ ಹಾಕಿದರೆ ಅದು ಕೆಲಸ ಬಿಡ್ತದೆ. ಜೀನ್ಸ್ ಮೆತ್ತಗಾಗಲಿ ಅಂತ ನಾವೇ ಸಾಫ್ಟ್ನರ್ ಸುರೀತೀವಿ, ಆ ವಾಸನೆ ನನ್ನ ಮೂಗಿಗೆ ಚೆನ್ನಾಗಿ ಗೊತ್ತು. ಅಂಗಡಿಯ ಪ್ಯಾಂಟು ಘಮ್ ಅಂತಿತ್ತು. ಬಾಟಲಿ ನೀರು ಒಂದು ಚಿಟಿಕೆ ಚಿಮುಕಿಸಿದೆ. ಹನಿ ನಿಲ್ಲಲಿಲ್ಲ, ಬಟ್ಟೆ ಕಪ್ಪಾಗಿ ಕುಡೀತು. ಅಂಗಡಿಯವನು "ಬಾಡಿಗೆ ಮಾಲು ಸಾಬ್, ಹಿಂಗೇ ಇರ್ತದೆ" ಅಂದ. ಇರಬಾರದು. ಪ್ಯಾಂಟು ಬೇಡ ಅಂತ ವಾಪಸ್ ಕೊಟ್ಟೆ, ದುಡ್ಡು ಕಳೀರಿ ಅಂದೆ, ಕಳೆದ.

ನಾನು ಊರಿಂದಲೇ 10,000 ಮಿಲಿಮೀಟರ್ ರೇಟಿಂಗಿನ, ಟೇಪು ಹಾಕಿದ ಪ್ಯಾಂಟ್ ತರಿಸಿಕೊಂಡಿದ್ದೆ. ಆ ಅಂಕಿ ಅಂದರೆ ಬಟ್ಟೆ ಮೇಲೆ ಹತ್ತು ಮೀಟರ್ ನೀರು ನಿಲ್ಲಿಸಿದರೂ ಸೋರೋಕೆ ಶುರು ಆಗದಂಥ ಒತ್ತಡ ತಡೀತದೆ ಅಂತ ಲೆಕ್ಕ. ಕಲಿಯೋರಿಗೆ ಅಷ್ಟು ಸಾಕು. ತಂಗಿ ಮಗನಿಗೂ ಅದೇ. ಮಾಸ್ಟರ್ ಮಾತ್ರ ಕೇಳಲಿಲ್ಲ. "ಅಣ್ಣಾ, ನಾನೇ ಕಟ್ ಮಾಡಿದ ಹನ್ನೆರಡು ಔನ್ಸಿನ ದಪ್ಪ ಮಾಲು ಇದು, ಚಳಿ ಹೆಂಗ್ ಹೋಗ್ತದೆ ನೋಡ್ತೀನಿ" ಅಂತ ಜೀನ್ಸಲ್ಲೇ ಇಳಿದ. ಹತ್ತಿ ಬಟ್ಟೆ ಹಿಮದ ನೀರು ಹೀರಿಕೊಂಡು ಬಿಸಿ ಹಿಡಿಯೋದನ್ನ ಬಿಡ್ತದೆ, ಆಮೇಲೆ ಗಾಳಿಗೆ ಹೆಪ್ಪುಗಟ್ತದೆ. ಮಧ್ಯಾಹ್ನದ ಹೊತ್ತಿಗೆ ಅವನ ಪ್ಯಾಂಟು ತಗಡಿನ ಡಬ್ಬಿ ಥರ ಟಣ್ ಅಂತಿತ್ತು. ಬಳ್ಳಾರಿ ಜೀನ್ಸಿಗೆ ಇದರಿಂದ ಅವಮಾನ ಏನಿಲ್ಲ, ಅದನ್ನ ಮಾಡಿದ್ದೇ 40 ಡಿಗ್ರಿ ಊರಿಗೆ.

ಟೀಚರ್ ವಿಷಯದಲ್ಲಿ ಪೂರ್ತಿ ಮಾರ್ಕ್ಸ್. ಅಂಗಡಿಯವರೇ ಗೊತ್ತು ಮಾಡಿಕೊಟ್ಟ ಸ್ಥಳೀಯ ಹುಡುಗ. ಮೊದಲು ಹಿಂದಿನಿಂದ ಮೆಲ್ಲಗೆ ನೂಕಿ ಯಾವ ಕಾಲು ಮುಂದಿಡ್ತೀವಿ ನೋಡಿದ. ಎಡಗಾಲಾದರೆ ರೆಗ್ಯುಲರ್, ಬಲಗಾಲಾದರೆ ಗೂಫಿ. ಗಾಲ್ಫ್ ಮೈದಾನದ ಹತ್ತಿರದ ಇಳಿಜಾರಲ್ಲಿ ಬರೀ ಹಿಮ್ಮಡಿ ಅಂಚಿನ ಮೇಲೆ ಜಾರೋದು, ನಿಲ್ಲೋದು, ಮತ್ತೆ ಜಾರೋದು. ಬೀಳೋವಾಗ ಕೈ ಊರಬೇಡಿ, ಮುಷ್ಟಿ ಕಟ್ಟಿಕೊಂಡು ಮೊಳಕೈ ಒಳಗೆ ಎಳ್ಕೊಳ್ಳಿ ಅಂತ ಬಾರಿಬಾರಿ ಹೇಳಿದ. ಕಲಿಯೋರದು ಮೊದಲು ಮುರಿಯೋದೇ ಮಣಿಕಟ್ಟು. ಹೆಲ್ಮೆಟ್ ಅಂಗಡಿಯಲ್ಲಿತ್ತು, ಮಣಿಕಟ್ಟಿನ ಗಾರ್ಡ್ ಇರಲಿಲ್ಲ. ಅದನ್ನ ಊರಿಂದಲೇ ಒಯ್ಯಿರಿ. ಕಣ್ಣಿಗೆ ಗಾಗಲ್ಸ್, ಮುಖಕ್ಕೆ ಸನ್‌ಸ್ಕ್ರೀನ್ ಕೂಡ. ನಮ್ಮ ಊರಿನ ಬಿಸಿಲು ಕುಡಿದವರು ಅಂತ ಬೀಗಬೇಡಿ, ಹಿಮದಲ್ಲಿ ಬಿಸಿಲು ಕೆಳಗಿನಿಂದಲೂ ಹೊಡೀತದೆ. ಇದನ್ನೆಲ್ಲ ಕ್ರಮವಾಗಿ ಕಲಿಯೋ ಮನಸ್ಸಿದ್ದರೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಸಂಸ್ಥೆ ಅಲ್ಲೇ ಇದೆ, ಅದರ ಕೋರ್ಸ್‌ಗಳನ್ನ ಮೊದಲೇ ವಿಚಾರಿಸಿ.

ಗೊಂಡೋಲಾ, ಅಂದರೆ ಹಗ್ಗದ ಮೇಲೆ ಬೆಟ್ಟ ಹತ್ತೋ ಕೇಬಲ್ ಕಾರ್ ಬಗ್ಗೆ ಎರಡು ಮಾತು. 2,650 ಮೀಟರ್ ಆಸುಪಾಸಿನ ಎತ್ತರದ ಗುಲ್ಮರ್ಗ್‌ನಿಂದ ಮೊದಲ ಹಂತ ಕೊಂಗ್ಡೂರಿಗೆ, ಎರಡನೇದು 3,900 ಮೀಟರ್ ದಾಟಿ ಅಫರ್ವಾತ್ ಶಿಖರದ ಹತ್ತಿರಕ್ಕೆ. ಟಿಕೆಟ್ ಆನ್‌ಲೈನಲ್ಲಿ ಮುಂಚೆಯೇ ಮಾಡಿ. ಎರಡನೇ ಹಂತದಿಂದ ಬೋರ್ಡಲ್ಲಿ ಇಳಿಯೋ ಆಸೆ ಹೊಸಬರಿಗೆ ಬೇಡ. ಆ ಇಳಿಜಾರು ಸಪಾಟು ಮಾಡಿದ್ದಲ್ಲ, ಹಿಮಕುಸಿತದ ಜಾಗ. 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ಗುಲ್ಮರ್ಗ್‌ನ ಹಿಮಕುಸಿತದಲ್ಲಿ ತೀರಿಕೊಂಡಿದ್ದಾರೆ. ತಂಗಿ ಮಗ ಹೋಗೇ ಹೋಗ್ತೀನಿ ಅಂದ, ಟೀಚರೇ ಬೈದು ಕೂಡಿಸಿದ. ನೋಡಿಕೊಂಡು ಗೊಂಡೋಲಾದಲ್ಲೇ ಇಳಿದು ಬಂದ್ವಿ.

ಊಟ ತುಟ್ಟಿ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದಕ್ಕೆ ಬಚಾವ್. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಒಂದಾದರೂ ಗುಂಪಲ್ಲಿ ಇರಲಿ, ಇಲ್ಲಾಂದ್ರೆ ಚೈನ್ ಗಾಡಿಯವನಿಗೆ ಫೋನ್ ಹಚ್ಚೋಕೂ ಹೋಟೆಲ್ ಕೌಂಟರ್‌ಗೆ ಓಡಬೇಕು.

ಡಿಪಾಸಿಟ್ಟಿಗೆ ಆಧಾರ್ ಒರಿಜಿನಲ್ ಕೇಳ್ತಾರೆ, ಕೊಡಬೇಡಿ. ದಾರಿಯ ತಪಾಸಣೆಗೆ ಬೇಕಾಗ್ತದೆ. ನಗದು ಕೊಟ್ಟು ಚೀಟಿ ಬರೆಸಿಕೊಳ್ಳಿ, ಬೋರ್ಡಿನ ತಳ, ಅಂಚು ಎರಡೂ ಅವರೆದುರಿಗೇ ವಿಡಿಯೋ ಮಾಡಿಕೊಳ್ಳಿ. ವಾಪಸ್ ಮಾಡೋವಾಗ ಹಳೆ ಗೀರೊಂದನ್ನ ತೋರಿಸಿ ದುಡ್ಡು ಹಿಡಿಯೋಕೆ ನೋಡಿದರು. ತಂಗಿ ಮಗ ಫೋನ್ ತೆಗೆದು ವಿಡಿಯೋ ಹಚ್ಚಿದ, ಪೂರ್ತಿ ಎಣಿಸಿ ಕೊಟ್ಟರು.