ಎಳೆ ಮಗುವಿಗೆ ಚನ್ನಪಟ್ಟಣದ ಗಿಲಕಿ: ಕೊಡಿ, ಆದರೆ ನೋಡಿ ಕೊಳ್ಳಿ

ನಾಮಕರಣಕ್ಕೆ ಏನು ತಗೊಂಡು ಹೋಗಲಿ ಅಂತ ಯಾರು ಕೇಳಿದರೂ ನಾನು ಹೇಳುವುದು ಚನ್ನಪಟ್ಟಣದ ಮರದ ಗಿಲಕಿ. ನಾನು ಮದ್ದೂರು ಕಡೆಯ ಅಂಗನವಾಡಿ ಟೀಚರ್. ಬಾಣಂತಿಯರ ಮನೆಗೆ ಹೋಗಿ ಬರುವುದು ನನ್ನ ಕೆಲಸ. ಯಾವ ಉಡುಗೊರೆ ಮಗುವಿನ ಕೈಗೆ ಬರುತ್ತದೆ, ಯಾವುದು ಬೀರು ಮೇಲೆ ಕೂರುತ್ತದೆ ಅಂತ ನೋಡುತ್ತಲೇ ಇರುತ್ತೇನೆ. ಬೀರು ಮೇಲೆ ಕೂರುವುದೇ ಜಾಸ್ತಿ. ಪೌಡರ್, ಸೋಪು, ಎಣ್ಣೆಯ ಗಿಫ್ಟ್ ಸೆಟ್ ಒಂದೇ ಮನೆಗೆ ನಾಲ್ಕೈದು ಬಂದಿರುತ್ತವೆ. ನೆಟ್ ಬಟ್ಟೆಯ ಫ್ರಾಕ್ ಮಗುವಿನ ಮೈಗೆ ಚುಚ್ಚುತ್ತದೆ. ಫೋಟೊಗೆ ಅಂತ ಒಂದು ಸಲ ಹಾಕುತ್ತಾರೆ, ಇನ್ನೊಂದು ಸಲ ಹಾಕುವಷ್ಟರಲ್ಲಿ ಮಗು ಬೆಳೆದಿರುತ್ತದೆ.

ನನ್ನ ತಂಗಿಯ ಮಗಳಿಗೆ ಹೆಣ್ಣು ಮಗು ಆದಾಗಲೂ ಗಿಲಕಿಯನ್ನೇ ಕೊಟ್ಟೆ. ಆ ಮಗು ಈಗ ಕೂರುವುದನ್ನು ಕಲಿತಿದೆ, ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮಕ್ಕಳ ಸಾಮಾನಿನ ಗುಣ ಕೊಂಡ ದಿನ ಗೊತ್ತಾಗುವುದಿಲ್ಲ, ಜೊಲ್ಲು ಬಿದ್ದ ಮೇಲೆ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಮುಖ್ಯವಾಗಿ ಎರಡು ತರಹದ ಗಿಲಕಿ ಸಿಗುತ್ತವೆ. ಒಂದು, ಟೊಳ್ಳು ಗುಂಡಿನೊಳಗೆ ಕಾಳಿನಂಥ ಚೂರು ಹಾಕಿ ಮುಚ್ಚಿರುವುದು. ಇನ್ನೊಂದು, ಹಿಡಿಯ ಮೇಲೆ ಮರದ ಬಳೆಗಳು ಸಡಿಲವಾಗಿ ಓಡಾಡುವುದು. ನಾನು ಕೊಳ್ಳುವುದು ಎರಡನೆಯದು. ಟೊಳ್ಳು ಗುಂಡಿಗೆ ಎಲ್ಲೋ ಒಂದು ಕಡೆ ಅಂಟು ಹಾಕಿದ ಜಾಗ ಇರುತ್ತದೆ. ಅದು ಬಿಟ್ಟುಕೊಂಡರೆ ಒಳಗಿನ ಚೂರು ಹೊರಗೆ ಬರುತ್ತವೆ. ಬಳೆ ಗಿಲಕಿಯಲ್ಲಿ ಆ ಭಯ ಕಡಿಮೆ. ಶಬ್ದವೂ ಮೆತ್ತಗೆ, ಮಲಗಿರುವ ಮಗು ಬೆಚ್ಚಿ ಬೀಳುವುದಿಲ್ಲ. ನಾನು ತಂದಿದ್ದಕ್ಕೆ 250 ರೂಪಾಯಿ ಕೊಟ್ಟೆ. ಹಳದಿ ಹಿಡಿ, ಕೆಂಪು ಹಸಿರು ಬಳೆ. ಗೇಣಿಗಿಂತ ಚಿಕ್ಕದು.

ಇದನ್ನು ಇಷ್ಟಪಡುವುದಕ್ಕೆ ನನಗೆ ದೊಡ್ಡ ಕಾರಣ ಅದರ ಬಣ್ಣ. ಇದಕ್ಕೆ ಬ್ರಷ್ಷಿನಲ್ಲಿ ಪೇಂಟ್ ಬಳಿಯುವುದಿಲ್ಲ. ಆಲೆಮರವನ್ನು ಚೆನ್ನಾಗಿ ಒಣಗಿಸಿ ಲೇತ್‌ನಲ್ಲಿ ಕಡೆಯುತ್ತಾರೆ. ಮರ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿ ಹಿಡಿದು ಹೊಳಪು ತರಿಸುತ್ತಾರೆ. ಇದನ್ನು ಒಂದು ಸಲ ನಿಂತು ನೋಡಿ. ಬಿಳಿ ಮರದ ತುಂಡು ಕಣ್ಣೆದುರಿಗೇ ಹಳದಿಯಾಗುತ್ತದೆ, ಎಷ್ಟು ನೋಡಿದರೂ ನನಗೆ ಬೇಜಾರಾಗುವುದಿಲ್ಲ. ಅರಗಿನಿಂದ ತೆಗೆದ ಶೆಲ್ಯಾಕ್ ಅನ್ನು ಮಾತ್ರೆ, ಮಿಠಾಯಿಗಳ ಹೊಳಪಿಗೂ ಬಳಸುತ್ತಾರೆ. ಹಾಗಾಗಿ ಅರಗಿನ ಬಗ್ಗೆ ನನಗೆ ಚಿಂತೆ ಇಲ್ಲ. ಕೇಳಬೇಕಾದ್ದು ಅದಕ್ಕೆ ಬೆರೆಸಿದ ಬಣ್ಣ ಯಾವುದು ಅಂತ. ಅರಿಶಿನದಂಥ ಗಿಡಮೂಲದ ಬಣ್ಣ ಹಾಕುವವರಿದ್ದಾರೆ, ಬೇರೆ ಬಣ್ಣ ಹಾಕುವವರೂ ಇದ್ದಾರೆ. ಬಾಯಿಗೆ ಇಡುವ ಮಗುವಿಗೆ ಅಂತ ಬಾಯಿಬಿಟ್ಟು ಹೇಳಿ ಕೇಳಿ. ಒಳ್ಳೆಯ ಅಂಗಡಿಯವರು ತಾವಾಗಿಯೇ ಬೇರೆ ತೆಗೆದುಕೊಡುತ್ತಾರೆ.

ಎಲ್ಲರೂ ಹಾಗಿರುವುದಿಲ್ಲ. ರಸ್ತೆ ಬದಿಯ ಒಂದು ಅಂಗಡಿಯಲ್ಲಿ ಇದೂ ಚನ್ನಪಟ್ಟಣದ್ದೇ ಅಂತ ನನಗೆ ಕೊಟ್ಟ ಮರದ ಕುದುರೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಗುಲಾಬಿ ಬಣ್ಣ ಬಿಟ್ಟಿತು. ಹಿಂತಿರುಗಿಸಲು ಹೋದರೆ ವಾಪಸ್ ತಗೊಳ್ಳಲಿಲ್ಲ. ಮಗುವಿನ ಬಾಯಿಗೆ ಹೋಗುವ ಸಾಮಾನಿನಲ್ಲಿ ಹೀಗೆ ಮಾಡುವುದು ನನಗೆ ಇವತ್ತಿಗೂ ಸಹಿಸಲಾಗದ ವಿಷಯ. ಈಗ ಒಂದು ಬಿಳಿ ಕರ್ಚೀಫನ್ನು ಒದ್ದೆ ಮಾಡಿಕೊಂಡೇ ಅಂಗಡಿಗೆ ಹೋಗುತ್ತೇನೆ. ಉಜ್ಜಿ ನೋಡಿ, ಬಣ್ಣ ಹತ್ತದಿದ್ದರೆ ಮಾತ್ರ ದುಡ್ಡು ಕೊಡುತ್ತೇನೆ. ಬೆರಳಾಡಿಸಿ ಸಿಬಿರು ಇದೆಯಾ ನೋಡುತ್ತೇನೆ. ಬಿಚ್ಚಿಕೊಳ್ಳುವಂಥ ತುಂಡು ಯಾವುದೂ ಇರಬಾರದು. ಆಟಿಕೆ ಪರೀಕ್ಷೆಯಲ್ಲಿ 31.7 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಪೂರ್ತಿ ಇಳಿದು ಹೋಗುವ ಚೂರನ್ನು ಗಂಟಲಿಗೆ ಸಿಕ್ಕುವಂಥದ್ದು ಅಂತ ಲೆಕ್ಕ ಹಾಕುತ್ತಾರೆ. ಅಂದರೆ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಮಣಿ ಪೋಣಿಸಿದ ಆಟಿಕೆಗಳು ಎಷ್ಟೇ ಚೆನ್ನಾಗಿ ಕಂಡರೂ ಎಳೆ ಮಗುವಿಗೆ ಬೇಡ.

ಐಎಸ್ಐ ಗುರುತು ಇಲ್ಲವಲ್ಲ ಅಂತ ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಆ ಗುರುತು ಕಡ್ಡಾಯ. ಆದರೆ ನೋಂದಾಯಿತ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ, ಜಿಐ ಟ್ಯಾಗ್ (ಇದು ಇಂಥ ಊರಿನದೇ ವಸ್ತು ಅನ್ನುವ ಸರ್ಕಾರಿ ನೋಂದಣಿ) ಇರುವ ಆಟಿಕೆಯನ್ನು ಆ ಹೆಸರು ಬಳಸಲು ನೋಂದಾಯಿಸಿಕೊಂಡವರು ಮಾಡಿ ಮಾರಿದರೆ ಅದಕ್ಕೂ ವಿನಾಯಿತಿ ಕೊಟ್ಟಿದ್ದಾರೆ. ಚನ್ನಪಟ್ಟಣದ ಗೊಂಬೆಗೆ ಜಿಐ ಟ್ಯಾಗ್ ಇದೆ. ಹಾಗಾಗಿ ಗುರುತು ಇಲ್ಲ ಅಂದ ಮಾತ್ರಕ್ಕೆ ಅದು ನಕಲಿ ಅಲ್ಲ. ಆದರೆ ಪರೀಕ್ಷೆ ಮಾಡುವ ಜವಾಬ್ದಾರಿ ಆಗ ನಮ್ಮ ಮೇಲೆ ಬೀಳುತ್ತದೆ, ಅಲ್ವಾ? ಬಿಲ್ ಕೇಳಿ ಪಡೆಯಿರಿ. ಅಷ್ಟು ತಲೆಬಿಸಿ ಬೇಡ ಅನ್ನುವವರು ಐಎಸ್ಐ ಗುರುತು ಇರುವ ಮರದ ಗಿಲಕಿಯನ್ನೇ ಹುಡುಕಿ ಕೊಳ್ಳಬಹುದು.

ಕೊಡುವಾಗ ಒಂದು ಮಾತು ಹೇಳಿಯೇ ಕೊಡಬೇಕು. ನಮ್ಮ ಹುಡುಗಿ ಮೊದಲನೇ ದಿನವೇ ಕೇಳಿದಳು, "ದೊಡ್ಡಮ್ಮ, ಇದನ್ನ ಕುದಿಯೋ ನೀರಿಗೆ ಹಾಕ್ಲಾ, ಇಲ್ಲ ಸ್ಯಾನಿಟೈಸರ್‌ನಲ್ಲಿ ಒರೆಸ್ಲಾ?" ಎರಡೂ ಬೇಡ. ಅರಗು ಬಿಸಿಗೆ ಮೆತ್ತಗಾಗುತ್ತದೆ. ಆಲ್ಕೋಹಾಲ್‌ನಲ್ಲಂತೂ ಕರಗಿಯೇ ಹೋಗುತ್ತದೆ. ಸ್ಯಾನಿಟೈಸರ್ ಹಾಕಿದರೆ ಗಿಲಕಿ ಅಂಟಂಟಾಗುತ್ತದೆ. ನೀರಲ್ಲಿ ನೆನೆಹಾಕಿದರೆ ಮರ ಉಬ್ಬುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಇಟ್ಟರೆ ಸಾಕು. ಬಿರುಕು ಬಿಟ್ಟರೆ ಮಗುವಿನ ಕೈಗೆ ಕೊಡಬಾರದು. ಹಲ್ಲು ಬಂದ ಮೇಲೆ ಆಗಾಗ ಬೆಳಕಿಗೆ ಹಿಡಿದು ನೋಡಬೇಕು. ಕುದಿಸಿ ತೊಳೆಯುವ ಸಾಮಾನೇ ಬೇಕು ಅನ್ನುವ ಮನೆಗೆ ಇದು ಹೊಂದುವುದಿಲ್ಲ. ಇದರ ಕೊರತೆ ಅದೊಂದೇ.

ಹುಟ್ಟಿದ ಮಗುವಿಗೆ ಗಿಲಕಿ ಹಿಡಿಯಲು ಬರುವುದಿಲ್ಲ. ಮೂರು ನಾಲ್ಕು ತಿಂಗಳಿಗೆ ತಾನಾಗಿ ಹಿಡಿದು ಅಲ್ಲಾಡಿಸುತ್ತದೆ. ಅಲ್ಲಿಯವರೆಗೆ ಅದು ದೊಡ್ಡವರ ಕೈಯಲ್ಲಿ. ನಮ್ಮ ಮನೆಯಲ್ಲಿ ಅದರ ಉಪಯೋಗ ಹೆಚ್ಚು ಆಗಿದ್ದು ಮಗುವಿನ ಅಪ್ಪನಿಗೆ. ಎಣ್ಣೆ ನೀರು ಹಾಕಿ ಬಟ್ಟೆ ತೊಡಿಸುವಾಗ ಮಗು ಕಿರುಚುತ್ತಿತ್ತು. ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದ ಹುಡುಗ ಪಕ್ಕದಲ್ಲಿ ಕೂತು ಗಿಲಕಿ ಆಡಿಸತೊಡಗಿದ. ಮಗು ಸದ್ದು ಬಂದ ಕಡೆ ಕಣ್ಣು ಹೊರಳಿಸಿ ಸುಮ್ಮನಾಗುತ್ತಿತ್ತು. ಮಗುವನ್ನು ಸುಮ್ಮನಿರಿಸಲು ತನಗೂ ಬರುತ್ತದೆ ಅಂತ ಅವನಿಗೆ ಧೈರ್ಯ ಬಂದಿದ್ದು ಹಾಗೆ. ಭಾರದ ಗಿಲಕಿ ಮಾತ್ರ ಬೇಡ, ಮಗು ಮಲಗಿಕೊಂಡೇ ತನ್ನ ಮುಖಕ್ಕೆ ಹೊಡೆದುಕೊಳ್ಳುತ್ತದೆ. ಆಲೆಮರ ಹಗುರ, ಆದರೂ ಅದರಲ್ಲೇ ಚಿಕ್ಕದನ್ನು ಆರಿಸಿ.

ಬಾಣಂತಿಗೆ ಬೇರೆಯೇ ಏನಾದರೂ ಕೊಡಿ. ಎಲ್ಲರೂ ಮಗುವನ್ನು ನೋಡಲು ಬರುತ್ತಾರೆ, ಅವಳಿಗೆ ಅಂತ ಏನೂ ತರುವುದಿಲ್ಲ. ನಾನು ಮುಂದೆ ಬಟನ್ ಇರುವ ಕಾಟನ್ ನೈಟಿ ಎರಡು, ಅಂಟಿನುಂಡೆ ಒಂದು ಡಬ್ಬಿ ಒಯ್ಯುತ್ತೇನೆ. ರಾತ್ರಿ ಹಾಲು ಕೊಡಲು ಎದ್ದಾಗ ಹಸಿವಾಗುತ್ತದೆ, ಆಗ ಅಡುಗೆಮನೆಗೆ ಹೋಗದೆ ಕೈಗೆ ಸಿಗಬೇಕು. ಜೇನುತುಪ್ಪ ಕೊಡಬೇಡಿ. ಮನೆಯವರು ಮಗುವಿಗೆ ನೆಕ್ಕಿಸಿಬಿಡುತ್ತಾರೆ, ಒಂದು ವರ್ಷ ತುಂಬುವ ತನಕ ಅದು ಅಪಾಯ.

ಚನ್ನಪಟ್ಟಣ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆ ಆದ ಮೇಲೆ ಕಾರುಗಳು ಬೈಪಾಸ್‌ನಲ್ಲೇ ಹೋಗಿಬಿಡುತ್ತವೆ, ಹಳೆ ರಸ್ತೆಯ ಗೊಂಬೆ ಅಂಗಡಿಗಳಿಗೆ ವ್ಯಾಪಾರ ಇಳಿದಿದೆ. ದಯವಿಟ್ಟು ಊರೊಳಗೆ ಇಳಿದು ಹೋಗಿ, ರೈಲಿನಲ್ಲೂ ಹೋಗಬಹುದು. ಆಗದಿದ್ದರೆ ಬೆಂಗಳೂರಿನಲ್ಲಿ ಸರ್ಕಾರದ ಕಾವೇರಿ ಎಂಪೋರಿಯಂ ಇದೆ. ಅಲ್ಲಿಗೆ ಹೋದರೂ ಒದ್ದೆ ಕರ್ಚೀಫ್ ಜೊತೆಗಿರಲಿ.